ಬಲಗೈ ಕೀಲಿಗಳನ್ನು ಎಡಗೈಗೆ ವರ್ಗಾಯಿಸುವ ಕುರಿತು

ಗಂಗೊಳ್ಳಿ
ದಿನಾಂಕ: 14-10-2009

ಇಂದ:
ಸೀನ, ಗುಮಾಸ್ತ (ಹಿಂದೆ ಐಸ್ ಪುಡಿ ಮಾಡುವ ಯಂತ್ರದ ಆಪರೇಟರ್),
ಕಿಟ್ಟಣ್ಣನವರ ಐಸ್ ಪ್ಲಾಂಟ್, ಬಂದರು ಹತ್ತಿರ, ಗಂಗೊಳ್ಳಿ.

ಗೆ:
ರೂಟ್ ಸಾಹೇಬರು,
ಸದರಿ ಪ್ಲಾಂಟಿನ ಲಿನಕ್ಸ್ ಕಂಪ್ಯೂಟರಿನ ಸರ್ವಾಧಿಕಾರಿಗಳು,
ಕಂಪ್ಯೂಟರಿನ ಒಳಗೆ.

ಮೂಲಕ:
ಶ್ರೀ ಸುಶಾಂತ್, ಯಜಮಾನರ ಅಳಿಯ, ಬ್ರಹ್ಮಾವರ
(ತಮ್ಮ ಪಾಸ್‌ವರ್ಡ್ ಗೊತ್ತಿರುವ ಒಬ್ಬರೇ ಒಬ್ಬರು).

ವಿಷಯ: ನನ್ನ ಕೀಲಿಮಣೆ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಖಾಯಂ ಮಾಡಿಕೊಡುವ ಬಗ್ಗೆ.

ಉಲ್ಲೇಖ: 1. ತಾವು ಪರದೆಯ ಮೇಲೆ ನೀಡಿದ ಉತ್ತರ: "ಅನುಮತಿ ಇಲ್ಲ" (ಹಲವು ಬಾರಿ).
2. ಶ್ರೀ ಸುಶಾಂತ್ ಅವರ ಮೌಖಿಕ ಉತ್ತರ: "ಕಾಂಬ" (ನೋಡೋಣ ಎಂದರ್ಥ; ಅದೂ ಹಲವು ಬಾರಿ).

ಮಾನ್ಯರೇ,

ತಮ್ಮನ್ನು ನಾನು ಕಂಡವನಲ್ಲ. ಕೀಲಿಮಣೆಯ ವಿಷಯದಲ್ಲಿ ಏನೇ ಖಾಯಂ ಬದಲಾವಣೆ ಮಾಡಹೊರಟರೂ ಅದಕ್ಕೆ ರೂಟ್ ಒಪ್ಪಿಗೆ ಬೇಕು ಎಂದು ಕಂಪ್ಯೂಟರು ಹೇಳುತ್ತದೆ. ರೂಟ್ ಅಂದರೆ ಯಾರು ಎಂದು ಯಜಮಾನರನ್ನು ಕೇಳಿದ್ದಕ್ಕೆ, "ನಂಗೆಂತ ಗೊತ್ತ್ ಮಾರಾಯ, ದೊಡ್ಡ್ ಜನ ಇರ್ಕ್, ಒಂದ್ ಅರ್ಜಿ ಬರಿ" ಎಂದರು. ಆದ್ದರಿಂದ ಬರೆಯುತ್ತಿದ್ದೇನೆ. ಎಡಗೈಯ ಬರಹವಾದ ಕಾರಣ ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು.

1. ಮೂರು ವರ್ಷದ ಹಿಂದೆ ಸದರಿ ಪ್ಲಾಂಟಿನ ಐಸ್ ಪುಡಿ ಮಾಡುವ ಯಂತ್ರವು ನನ್ನ ಬಲಗೈಯ ಮೂರು ಬೆರಳುಗಳನ್ನು ತೆಗೆದುಕೊಂಡಿತು. ಹೆಬ್ಬೆರಳು ಮತ್ತು ಕಿರುಬೆರಳು ಉಳಿದಿವೆ. ನಾನು ಆಸ್ಪತ್ರೆಯಿಂದ ಬಂದಾಗ ಯಜಮಾನರು ಮನೆಗೇ ಬಂದು, "ಕೇಸ್ ಗೀಸ್ ಎಲ್ಲ ಎಂತಕ್ ಸೀನ, ಆಫೀಸಿನೊಳ್ಗೆ ಒಂದ್ ಕುರ್ಚಿ ಇತ್ತಲೆ" ಎಂದರು. ಕೇಸು ಹಾಕಲಿಲ್ಲ. ಕುರ್ಚಿ ಸಿಕ್ಕಿತು.

2. ಕುರ್ಚಿಯ ಎದುರು ಕಂಪ್ಯೂಟರು ಇತ್ತು. ಶ್ರೀ ಸುಶಾಂತ್ ಅವರು ಅದಕ್ಕೆ ಲಿನಕ್ಸ್ ಹಾಕಿದ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಕೀಲಿಮಣೆಯಲ್ಲಿ ಎಷ್ಟು ಕೀಲಿಗಳಿವೆ, ನೂರನಾಲ್ಕೋ ನೂರೈದೋ ಎಂದು ಅದು ಕೇಳಿತು. ಯಾವ ದೇಶದ್ದು ಎಂದು ಕೇಳಿತು. ಸುಶಾಂತ್ ಅವರು ಅಮೆರಿಕ ಎಂದು ಒತ್ತಿದರು. ಬಂಗುಡೆ ವಾಸನೆಯ ನಡುವೆ ಕೂತ ನಮ್ಮ ಕಂಪ್ಯೂಟರು ಹೀಗೆ ಅಮೆರಿಕದ್ದಾಯಿತು, ನನ್ನ ತಕರಾರಿಲ್ಲ. ಆದರೆ ಕೀಲಿಗಳ ಲೆಕ್ಕ ಕೇಳಿದ ತಾವು, ಒತ್ತುವವನಿಗೆ ಎಷ್ಟು ಬೆರಳಿವೆ ಎಂದು ಎಲ್ಲಿಯೂ ಕೇಳಲಿಲ್ಲ.

3. ಅದನ್ನು ಕೇಳಿದವಳು ನನ್ನ ಅಕ್ಕನ ಮಗಳು ದೀಕ್ಷಾ. ಕುಂದಾಪುರದಲ್ಲಿ ಕಂಪ್ಯೂಟರ್ ಕಲಿಯುತ್ತಾಳೆ. ಒಂದು ಭಾನುವಾರ ಬಂದು ಪಕ್ಕದಲ್ಲಿ ಕೂತು, "ಮಾವ, ಯಾವ್ ಬೆರಳಿಗೆ ಯಾವ್ ಅಕ್ಷರ ಕೊಟ್ರೆ ನಿಮ್ಗ್ ಸಲೀಸ್, ಹೇಳಿ" ಎಂದಳು. ಬೆರಳು ಹೋದ ಮೇಲೆ ಅವುಗಳ ಬಗ್ಗೆ ಎಲ್ಲರೂ ಅಯ್ಯೋ ಎಂದಿದ್ದರು. ಉಳಿದವುಗಳ ಬಗ್ಗೆ ಕೇಳಿದವರು ಯಾರೂ ಇರಲಿಲ್ಲ. ಕಡತದಲ್ಲಿ ಇದು ಅನಗತ್ಯವಾದರೂ ಬರೆದಿದ್ದೇನೆ.

4. ಅವಳು ಮಾಡಿಕೊಟ್ಟ ವಿನ್ಯಾಸ ಹೀಗಿದೆ: ಬಲಗಡೆಯ ಆಲ್ಟ್ ಕೀಲಿಯನ್ನು ನನ್ನ ಉಳಿದ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರೆ, ಬಲಗಡೆಯ ಅಕ್ಷರ, ಅಂಕಿಗಳೆಲ್ಲ ಎಡಗಡೆಯ ಕೀಲಿಗಳಲ್ಲಿ ಬರುತ್ತವೆ, ಕನ್ನಡಿಯಲ್ಲಿ ಬಂದಂತೆ. ಐದರಲ್ಲಿ ಆರು, ನಾಲ್ಕರಲ್ಲಿ ಏಳು, ಮೂರರಲ್ಲಿ ಎಂಟು, ಎರಡರಲ್ಲಿ ಒಂಬತ್ತು, ಒಂದರಲ್ಲಿ ಸೊನ್ನೆ. ಅಂಕಿಗಳಿಗೇ ಇರುವ ಬೇರೆ ಗುಂಪಿನ ಕೀಲಿಗಳು ಉಪ್ಪುಗಾಳಿಗೆ ಹಿಡಿದುಹೋಗಿ ವರ್ಷವಾಯಿತು. ಅಭ್ಯಾಸವಾದ ಮೇಲೆ ನಾನು ಕೀಲಿಮಣೆಯನ್ನೂ ನೋಡುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ.

5. ಆದರೆ ಸದರಿ ವಿನ್ಯಾಸವು ತಮ್ಮ ಕಡತದಲ್ಲಿ ದಾಖಲಾಗದ ಕಾರಣ, ಕಂಪ್ಯೂಟರು ಒಮ್ಮೆ ಆರಿ ಹತ್ತಿದರೆ ಪುನಃ ಅಮೆರಿಕವೇ ಬರುತ್ತದೆ. ಐಸ್ ಪ್ಲಾಂಟಿನ ಕರೆಂಟಿನ ಸ್ಥಿತಿ ತಮಗೆ ಒಳಗಿನಿಂದಲೇ ಗೊತ್ತಿರಬಹುದು. ಕರೆಂಟು ಬಂದಾಗಲೆಲ್ಲ ದೀಕ್ಷಾ ಬರೆದುಕೊಟ್ಟ ಆಜ್ಞೆಯನ್ನು ನಾನು ಪುನಃ ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಖಾಯಂ ಮಾಡಿಕೊಡಿ ಎಂದರೆ ಸುಶಾಂತ್ ಅವರು, "ಎಲ್ರೂ ಕೂಕಂಬು ಕಂಪ್ಯೂಟರ್ ಅದ್. ಒಬ್ರ್ ಸಲುವಾಗಿ ಬದಲ್ ಮಾಡುಕ್ ಆತಿಲ್ಲ" ಎನ್ನುತ್ತಾರೆ. ಆ ಕುರ್ಚಿಯಲ್ಲಿ ನನ್ನನ್ನು ಬಿಟ್ಟು ಕೂರುವುದು ಪ್ಲಾಂಟಿನ ಬೆಕ್ಕು ಮಾತ್ರ.

6. ಕಳೆದ ವಾರ ಐತಣ್ಣನ ಬೋಟಿಗೆ ಎಂಬತ್ತು ಬ್ಲಾಕ್ ಐಸಿನ ಚೀಟಿ ಆಗಬೇಕಿತ್ತು. ಕಿಟಕಿಯಲ್ಲಿ ಜನ ಮುಗಿಬಿದ್ದಿದ್ದರು. "ಹ್ವಾಯ್ ಸೀನ, ಚೀಟಿ ಮೊದ್ಲ್ ಬತ್ತಾ, ಮೀನ್ ಮೊದ್ಲ್ ಬತ್ತಾ" ಎಂದು ಐತಣ್ಣ ಹೇಳಿ, ಡೀಸೆಲ್ ಹಾಕಿಸಲು ಹೋದ. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಅವಸರದಲ್ಲಿ ನಾನು ಆಜ್ಞೆ ಕೊಡುವುದನ್ನು ಮರೆತೆ. ಆಲ್ಟ್ ಹಿಡಿದು ನನ್ನ ಎಂಟು ಮತ್ತು ಸೊನ್ನೆ, ಅಂದರೆ ಮೂರು ಮತ್ತು ಒಂದರ ಕೀಲಿ, ಒತ್ತಿದೆ. ತಮ್ಮ ಅಮೆರಿಕದ ಪ್ರಕಾರ ಅದು ಮೂವತ್ತೊಂದು. ನಮ್ಮ ಲೋಡಿನವರು ಚೀಟಿ ನೋಡುತ್ತಾರೆ, ಐಸ್ ಹಾಕುತ್ತಾರೆ, ಪ್ರಶ್ನೆ ಕೇಳುವ ಪದ್ಧತಿ ಇಲ್ಲ. ಐತಣ್ಣನಿಗೆ ವಿಷಯ ತಿಳಿದದ್ದು ನಡುಗಡಲಿನಲ್ಲಿ. ಹಿಡಿದ ಮೀನಿನಲ್ಲಿ ಅರ್ಧ ಕೊಳೆತು, ಗೊಬ್ಬರದವರಿಗೆ ಹೋಯಿತು. ಅವನು ಬಂದು ಬೈದ. ಬೈದದ್ದು ಸರಿಯೇ.

7. ಕಾರಣ ಯಜಮಾನರು ತೀರ್ಮಾನ ಮಾಡಿದ್ದಾರೆ: ಮುಂದಿನ ಒಂದನೇ ತಾರೀಖಿನಿಂದ ಕುರ್ಚಿಗೆ ಟೈಪಿಂಗ್ ಕಲಿತ ಬೇರೆಯವರು, ನಾನು ಪುನಃ ಯಂತ್ರದ ಹತ್ತಿರ. "ಸುಮ್ನೆ ನಿಂತ್ಕಂಡ್ ಕಂಡ್ರೆ ಸೈ" ಎಂದಿದ್ದಾರೆ. ನನಗೆ ಆ ಯಂತ್ರದ ಹೆದರಿಕೆ ಇದೆ. ಈಗಲೂ ಅದು ಸದ್ದು ಮಾಡಿದರೆ ನಾನು ಆಫೀಸಿನ ಬಾಗಿಲು ಹಾಕಿಕೊಳ್ಳುತ್ತೇನೆ, ಸೆಖೆ ಇದ್ದರೂ. ನನ್ನ ಹೆಂಡತಿ ಅಮ್ಮಣಿ ಕೇಳಿದ್ದು ಒಂದೇ ಮಾತು: "ಬೆರಳ್ ಹೋದ್ದಕ್ ಕುರ್ಚಿ ಸಿಕ್ತ್. ಕುರ್ಚಿ ಹೋರೆ ಎಂತ ಸಿಕ್ಕತ್ತ್?" ಸದರಿ ಪ್ರಶ್ನೆಯನ್ನು ತಮ್ಮ ಉತ್ತರಕ್ಕಾಗಿ ಕಳುಹಿಸಿದ್ದೇನೆ.

8. ಮೊನ್ನೆ ಸುಶಾಂತ್ ಅವರು ಬಂದು ಅಪ್‌ಡೇಟ್ ಮಾಡಿ, ದೀಕ್ಷಾಳ ಕಡತವನ್ನೂ ಅಳಿಸಿ, "ಎಲ್ಲ ಮೊದ್ಲಿನಂಗೆ ಮಾಡಿದ್ದೆ" ಎಂದು ಹೇಳಿ ಹೋದರು. ನಾನು ನನ್ನ ಕೈ ನೋಡಿಕೊಂಡೆ. ಅದು ಹಾಗೆಯೇ ಇತ್ತು.

ಆದ್ದರಿಂದ, ಮತ್ತು ಮೇಲಿನ ಎಲ್ಲ ಕಾರಣಗಳಿಂದ, ದೀಕ್ಷಾ ಪುನಃ ಬರೆದ ವಿನ್ಯಾಸವನ್ನು ಒಂದನೇ ತಾರೀಖಿನ ಒಳಗೆ ತಮ್ಮ ಖಾಯಂ ಕಡತಕ್ಕೆ ಸೇರಿಸಿ, ಕರೆಂಟು ಎಷ್ಟು ಸಲ ಹೋದರೂ ಅದೇ ಬರುವಂತೆ ಆದೇಶಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಅಮೆರಿಕಕ್ಕೆ ಬೇಸರವಾಗುವುದಾದರೆ ಅದನ್ನು ಪಟ್ಟಿಯಲ್ಲಿ ಎರಡನೆಯದಾಗಿ ಇಟ್ಟುಕೊಳ್ಳಲು ನನ್ನ ಆಕ್ಷೇಪಣೆ ಇಲ್ಲ.

ತಮ್ಮ ವಿಶ್ವಾಸಿ,
(ಎಡಗೈ ರುಜು)
ಸೀನ

ಲಗತ್ತು:
1. ವಿನ್ಯಾಸದ ಕಡತ, ಪೆನ್‌ಡ್ರೈವಿನಲ್ಲಿ (ದೀಕ್ಷಾಳದ್ದು, ವಾಪಸು ಕೊಡಬೇಕು).
2. ಆಸ್ಪತ್ರೆಯ ಸರ್ಟಿಫಿಕೇಟು, ನಕಲು.
3. ಬಲಗೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದದ್ದು, ಅಳತೆಗಾಗಿ.

ವಿ.ಸೂ.: ಅರ್ಜಿಯನ್ನು ತಿರಸ್ಕರಿಸುವುದಾದರೆ, ಶ್ರೀ ಸುಶಾಂತ್ ಅವರು ತಮ್ಮ ಬಲಗೈಯ ನಡುವಿನ ಮೂರು ಬೆರಳುಗಳನ್ನು ಮಡಚಿ ಕಟ್ಟಿಕೊಂಡು, ಅಮೆರಿಕದ ವಿನ್ಯಾಸದಲ್ಲಿಯೇ, ತಿರಸ್ಕಾರದ ಕಾರಣವನ್ನು ಪೂರ್ತಿ ಟೈಪ್ ಮಾಡಿ ಕಳುಹಿಸಬೇಕಾಗಿ ವಿನಂತಿ. ಅವಸರವಿಲ್ಲ, ನಾನು ಕಾಯುತ್ತೇನೆ.