ಕಿವಿ ನನ್ನದು, ದನಿ ಅವರದು

ಅದಕ್ಕೆ ಏನೋ ಒಂದು ಮಾತು ಹೇಳುತ್ತಾಳೆ ನನ್ನ ಮೊಮ್ಮಗಳು. ಸಿಂಗೋ, ಸಿಂಕೋ. ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಡುತ್ತದೆ. ಫೋನು ಇಲ್ಲಿ, ಕಂಪ್ಯೂಟರು ಅಲ್ಲಿ, ನಡುವೆ ಒಂದೆಳೆ ದಾರವೂ ಇಲ್ಲ. ಆದರೂ ಇದರಲ್ಲಿದ್ದದ್ದು ಅದಕ್ಕೆ ಹೋಗುತ್ತದೆ. ಮೊನ್ನೆ ಒಂದು ಫೋಟೋ ಹೋಗಲೇ ಇಲ್ಲ, ಇನ್ನೊಂದು ಫೋಟೋ ಮೇಲಿಂದ ಮೇಲೆ ಹೋಯಿತು. ಅವಳು ಹಣೆ ಚಚ್ಚಿಕೊಂಡಳು. ನನಗೆ ನಗು ಬಂತು. ದಾರವಿಲ್ಲದೆ ಇಬ್ಬರನ್ನು ಒಂದು ಮಾಡಲು ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ನಾನೂ ನನ್ನ ಗಂಡನೂ ಹಾಗೇ ಬಾಳುವೆ ಮಾಡಿದವರು.

ಈಗ ನಾನಿರುವುದು ಕಾರವಾರದಲ್ಲಿ, ಮಗಳ ಖಾನಾವಳಿಯ ಹಿಂದಿನ ಕೋಣೆಯಲ್ಲಿ. ಹುಟ್ಟಿದ್ದು ಮಸ್ಕಿ. ಮದುವೆಯಾಗಿ ಹೋದದ್ದು ತುರ್ವಿಹಾಳದ ಹತ್ತಿರದ ಕಾಲುವೆ ಕ್ಯಾಂಪಿಗೆ. ನಮ್ಮ ಮನೆಯವರು ಅಲ್ಲಿ ವೈರ್‌ಲೆಸ್ ಆಪರೇಟರ್. ಕಾಲುವೆಯಲ್ಲಿ ನೀರು ಎಷ್ಟು ಫೂಟು, ಎಷ್ಟು ಇಂಚು ಇದೆ ಎಂದು ಮೇಲಿನ ಗೇಟಿನವರು ವೈರ್‌ಲೆಸ್ ಸೆಟ್ಟಿನಲ್ಲಿ ಹೇಳುತ್ತಿದ್ದರು. ಅದನ್ನು ಇವರು ಸಿಂಧನೂರಿಗೆ ದಾಟಿಸಬೇಕು. ಅಷ್ಟೇ ಕೆಲಸ. ಆದರೆ ದಿನಗೂಲಿಯ ಕೆಲಸ, ಇನ್ನೂ ಖಾಯಂ ಆಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಸೆಟ್, ಹಿಂದಿನ ಕೋಣೆಯಲ್ಲಿ ನಮ್ಮ ಸಂಸಾರ, ನಡುವೆ ಒಂದು ಕಿಟಕಿ. ಇವರ ದನಿ ಎಂಥದೆಂದರೆ, ನೀರಿನ ಲೆಕ್ಕ ಹೇಳಿದರೂ ಕೇಳಿದವರು ಇನ್ನೊಮ್ಮೆ ಹೇಳಲಿ ಅನ್ನುತ್ತಿದ್ದರು.

ಸೆಟ್ ಕೆಟ್ಟದ್ದು

ಎಂಬತ್ತನೇ ಇಸವಿಯ ಸುಮಾರಿಗೆ ಇವರಿಗೆ ಒಂದು ಕೆಟ್ಟ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಸೆಟ್ಟಿನ ಮುಂದೆ ಕೂತವರು, "ಸೆಟ್ ಸತ್ತೈತಿ" ಅಂದರು. ಅಂಗೈಯಿಂದ ಬಡಿದರು. ಬ್ಯಾಟರಿ ಬದಲಿಸಿದರು. ಸಿಂಧನೂರಿನಿಂದ ಮೆಕ್ಯಾನಿಕ್ ಬಂದ. ಬಿಚ್ಚಿ, ಜೋಡಿಸಿ, ಕೇಳಿ, "ಚಲೋ ಐತಲ್ರೀ" ಅಂದ. ಇವರು ಅವನ ಮುಖ ನೋಡಿ, "ಹೌದ್ರಿ, ಪೂರಾ ಕೆಟ್ಟೈತಿ" ಅಂದರು. ಪಾಪ, ಅವನು ತನಗೇ ಏನೋ ತಿಳಿಯುತ್ತಿಲ್ಲವೆಂದುಕೊಂಡು, ಮರುದಿನ ಬೇರೆ ಸೆಟ್ ತಂದು ಇಟ್ಟು ಹೋದ.

ಅದೂ ಮಾತಾಡಲಿಲ್ಲ.

ನಾನು ಒಲೆಯ ಮುಂದಿದ್ದೆ. ಮೇಲಿನ ಗೇಟಿನವರು ಕೂಗುತ್ತಿದ್ದದ್ದು ನನಗೆ ಅಲ್ಲಿಗೇ ಕೇಳುತ್ತಿತ್ತು. ಇವರು ಒಳಗೆ ಬಂದು ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ಸೆಟ್ಟಿನ ಮುಂದೆ ನಿಲ್ಲಿಸಿದರು. ನನ್ನ ಮುಖವನ್ನೇ ನೋಡುತ್ತಾ ಕೇಳಿದರು: "ಬರಾಕತ್ತೈತೇನು?"

ನಾನು ಹೌದೆಂದು ತಲೆ ಆಡಿಸಿದೆ.

ಅವರು ಸ್ಟೂಲಿನ ಮೇಲೆ ಕೂತರು. ಕಡೆಗೆ ಸೆಟ್ಟಿನ ಮೇಲಿನ ಧೂಳನ್ನು ಪಂಚೆಯ ಚುಂಗಿನಿಂದ ಒರೆಸಿ, "ಹಂಗಾದ್ರ ಇದು ಚಲೋನೇ ಐತಿ. ಸುಮ್ನ ಬಡದ್ನಲ್ಲ ಇದಕ್ಕ" ಅಂದರು.

ಹತ್ತು ಫೂಟು

ಕಿವಿ ಹೋಯಿತೆಂದು ತಿಳಿದರೆ ಸೆಟ್ಟಿನ ಮುಂದೆ ಯಾರು ಕೂರಿಸುತ್ತಾರೆ? ಖಾಯಂ ಆಗುವ ತನಕ ಯಾರಿಗೂ ಗೊತ್ತಾಗಬಾರದು ಎಂದು ಇಬ್ಬರೂ ನಿರ್ಧಾರ ಮಾಡಿದೆವು. ನಾನು ಕಿಟಕಿಯ ಆಚೆ ನಿಂತು ಕೇಳಬೇಕು. ಬಲಗೈ ಬೆರಳು ಫೂಟು, ಎಡಗೈ ಬೆರಳು ಇಂಚು. ಕೈ ಮುಷ್ಟಿ ಮಾಡಿದರೆ ಗೇಟು ಬಂದ್. ಸೆರಗು ತಲೆಯ ಮೇಲೆ ಎಳೆದುಕೊಂಡರೆ ಸಾಹೇಬರು ಬರುತ್ತಿದ್ದಾರೆ. ಅವರು ನನ್ನ ಕೈ ನೋಡಿ ಸೆಟ್ಟಿನಲ್ಲಿ ಹೇಳಬೇಕು. ಹೆಂಗಸಿನ ದನಿ ಕೇಳಿದರೆ ಕೆಲಸ ಕೆಡುತ್ತಿತ್ತು, ಹೀಗಾಗಿ ನಾನು ಬಾಯಿ ತೆರೆಯುವಂತಿರಲಿಲ್ಲ.

ಕೆಲವು ತಿಂಗಳು ಚೆನ್ನಾಗೇ ನಡೆಯಿತು. ಒಂದು ಮುಂಜಾನೆ ಮೇಲಿನಿಂದ ಲೆಕ್ಕ ಬರುವ ಹೊತ್ತಿಗೆ ಪಕ್ಕದ ಮನೆಯ ಆಡು ಒಳಗೆ ನುಗ್ಗಿ ಜೋಳದ ಹಿಟ್ಟಿನ ಬುಟ್ಟಿಗೆ ಬಾಯಿ ಹಾಕಿತು. ನಾನು ಎರಡೂ ಕೈ ಎತ್ತಿ ಹತ್ತೂ ಬೆರಳು ಬಿಚ್ಚಿ ಅದರ ಮೇಲೆ ಹೋದೆ. ಆಡಿನ ಹಿಂದೆ ನಾನು ಹಿತ್ತಲಿಗೆ ಓಡುವಾಗ ಇವರ ದನಿ ಗಂಭೀರವಾಗಿ ಕೇಳಿಸಿತು.

"ಐದು ಫೂಟು ಐದು ಇಂಚು... ಅಲ್ಲ, ತಾಳ್ರಿ. ಎರಡೂ ಕೈ ಐತಿ. ಹತ್ತು ಫೂಟು. ಓವರ್."

ಆ ಕಾಲುವೆಗೆ ಹತ್ತು ಫೂಟು ನೀರು ಬಂದರೆ ದಂಡೆ ಉಳಿಯುವುದಿಲ್ಲ. ಸಿಂಧನೂರಿನಿಂದ ಒಂದು ಜೀಪು, ಅದರ ಹಿಂದೆ ಉಸುಕಿನ ಚೀಲದ ಲಾರಿ, ಅದರ ಹಿಂದೆ ಸುದ್ದಿ ಕೇಳಿದ ಊರ ಜನ. ಸಾಹೇಬರು ಓಡಿಬಂದು ದಂಡೆಯ ಮೇಲೆ ನಿಂತು ನೋಡುತ್ತಾರೆ, ಮೊಣಕಾಲುದ್ದ ನೀರಿನಲ್ಲಿ ಹೆಂಗಸರು ಕೌದಿ ಒಗೆಯುತ್ತಿದ್ದಾರೆ.

"ಎಲ್ಲೈತಿ ಹತ್ತು ಫೂಟು?"

ಇವರಿಗೆ ಸಾಹೇಬರ ತುಟಿಗಿಂತ ಅವರ ತೋರುಬೆರಳು ಚೆನ್ನಾಗಿ ತಿಳಿಯಿತು. ಕೈಮುಗಿದು ಅಂದರು: "ನಾ ಹೇಳಿದಾಗ ಇತ್ರಿ ಸಾಹೇಬ್ರ. ನೀವು ಬರೋದು ತಡ ಆತು."

ಸಾಹೇಬರಿಗೆ ರೊಟ್ಟಿ

ಇನ್ನೊಮ್ಮೆ ಹೀಗಾದರೆ ಮನೆಗೆ ಕಳಿಸುತ್ತೇನೆ, ಖಾಯಂ ಮಾತು ಎತ್ತಬೇಡ ಎಂದು ಹೇಳಿಹೋದ ಸಾಹೇಬರು, ಒಂದು ದಿನ ಹೇಳದೆ ಕೇಳದೆ ಬೆಳಿಗ್ಗೆಯೇ ಬಂದು ಸೆಟ್ಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಮುಖ ನೇರವಾಗಿ ನನ್ನ ಕಿಟಕಿಗೆ. ಇವರ ಹಣೆಯ ಮೇಲೆ ಬೆವರು.

ನಾನು ಬೆರಳು ಎತ್ತುವ ಹಾಗಿಲ್ಲ. ಹಿಟ್ಟು ನಾದುವ ಕೊಣಮಿಗೆಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ರೊಟ್ಟಿ ಬಡಿಯಲು ಕೂತೆ. ಮೇಲಿನಿಂದ ಲೆಕ್ಕ ಬಂತು. ಕೈ ಎತ್ತೆತ್ತಿ ನಾಲ್ಕು ಸಲ ಬಡಿದೆ. ಕೈ ಮೇಲೆಯೇ ನಿಲ್ಲಿಸಿದೆ. ಆಮೇಲೆ ಎರಡು ಸಲ ಬಡಿದೆ. ಅವರಿಗೆ ಸದ್ದು ಬೇಡ, ಕೈ ಕಂಡರೆ ಸಾಕು.

"ನಾಕು ಫೂಟು ಎರಡು ಇಂಚು. ಓವರ್" ಎಂದು ಆ ದನಿ ನಿರಾಳವಾಗಿ ಹೇಳಿತು.

ಸಾಹೇಬರು ತಲೆದೂಗಿದರು. ನನ್ನ ಕಡೆ ತಿರುಗಿ, "ಏನವ್ವಾ, ನಿಲ್ಲಿಸಿ ನಿಲ್ಲಿಸಿ ಬಡೀತೀ?" ಅಂದರು.

"ಹೊಸಾ ಜೋಳ್ರೀ. ಜೋರು ಬಡದ್ರ ಹರೀತಾವ" ಅಂದೆ.

ಮನೆಗೆ ಬಂದವರನ್ನು ಉಣ್ಣದೆ ಕಳಿಸುವುದು ಹೇಗೆ? ಆದರೆ ಆರೇ ಏಟು ತಿಂದ ರೊಟ್ಟಿ ಎಂಥದಿರುತ್ತದೆ ನೀವೇ ಯೋಚಿಸಿ. ಸಗಣಿಯ ಕುಳ್ಳಿನ ಹಾಗಿತ್ತು. ದೊಡ್ಡ ಮನುಷ್ಯ ಅವರು, ಪುಂಡಿಪಲ್ಯ ಹಚ್ಚಿಕೊಂಡು ಪೂರ್ತಿ ತಿಂದರು. ದವಡೆ ಒತ್ತಿಕೊಳ್ಳುತ್ತಾ ಎದ್ದು ಇವರ ಬೆನ್ನು ತಟ್ಟಿದರು.

"ನಿನ್ನ ಕೆಲಸ ಸರಿ ಐತಿ. ಇನ್ನ ಊಟದ ಹೊತ್ತಿಗೆ ನಾ ಈ ಕಡೆ ಬರೋದಿಲ್ಲ."

ಬೆಲ್ಲ

ಮಗಳು ಹುಟ್ಟಿದ್ದು ಅದರ ನಂತರ. ಮಸ್ಕಿಯಿಂದ ಕೂಸನ್ನು ಎತ್ತಿಕೊಂಡು ಬಂದ ದಿನ ಅದು ದಾರಿಯುದ್ದಕ್ಕೂ ಅತ್ತಿತ್ತು, ಮನೆಗೆ ಬಂದೂ ಅಳುತ್ತಿತ್ತು. ಇವರು ಅದರ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತರು.

"ಇದರ ದನಿ ಹೆಂಗೈತಿ?" ಅಂದರು.

ಇದಕ್ಕೆ ನನ್ನ ಹತ್ತಿರ ಬೆರಳಿರಲಿಲ್ಲ. ಅವರ ಕಡೆಗೇ ಬೆರಳು ತೋರಿಸಿದೆ. ನಿಮ್ಮದರಂತೆಯೇ. ನಕ್ಕರು. ಆದರೆ ಆಮೇಲೂ ಮತ್ತೆ ಮತ್ತೆ ಕೇಳಿದರು. ಕೂಸು ಮಾತು ಕಲಿಯುವಾಗ ಕೇಳಿದರು, ಶಾಲೆಗೆ ಹೋಗುವಾಗ ಕೇಳಿದರು. ನಾನು ಪ್ರತಿ ಸಲವೂ ಅದನ್ನೇ ತೋರಿಸಿದೆ.

ನಮ್ಮಿಬ್ಬರನ್ನು ನೋಡಿ ನೋಡಿ ಮಗಳಿಗೆ ಬಾಯಿಗಿಂತ ಕೈ ಮೊದಲು ತಿರುಗಿತು. ಪಕ್ಕದ ಆಡಿನ ಮನೆಯ ಅತ್ತಿ ಬೆಲ್ಲ ಕುಟ್ಟುತ್ತಿದ್ದರೆ ಎದುರಿಗೆ ನಿಂತು ಎರಡು ಬೆರಳು ತೋರಿಸುತ್ತಿತ್ತು. ಅವಳು ಒಂದು ಚೂರು ಕೊಟ್ಟು, ಕೆನ್ನೆ ಸವರಿ, "ಪಾಪ, ಮೂಕ ಕೂಸು" ಎಂದು ಕಣ್ಣೊರೆಸಿಕೊಂಡಳಂತೆ. ದೇವರಿಗೆ ಬೆಳ್ಳಿಯ ನಾಲಿಗೆ ಮಾಡಿಸಿ ಹಾಕು ಎಂದು ನನಗೆ ಹೇಳಲು ಕೂಸನ್ನು ಎತ್ತಿಕೊಂಡು ಬಂದಳು. ಅವಳ ಮಾತು ಮುಗಿಯುವ ತನಕ ಸುಮ್ಮನಿದ್ದ ಕೂಸು ನನ್ನ ಕಡೆ ತಿರುಗಿ, "ಯವ್ವಾ, ಎಲ್ಡು ಕೇಳಿದ್ರ ಈಕಿ ಒಂದ ಕೊಟ್ಟಾಳ" ಅಂದಿತು.

ನನ್ನ ಜೊತೆ ಅದು ಮನೆ ತುಂಬ ಮಾತಾಡುತ್ತಿತ್ತು. ಅಪ್ಪನಿಗೆ ಮಾತ್ರ ಪಂಚೆಯ ಅಂಚು ಹಿಡಿದು ಎಳೆಯುತ್ತಿತ್ತು. 'ಅಪ್ಪಾ' ಎಂದು ಕರೆದದ್ದು ನಾನು ಕೇಳಿದ ನೆನಪೇ ಇಲ್ಲ. ಕರೆದು ಉಪಯೋಗವಿಲ್ಲ ಎಂದು ಅದಕ್ಕೆ ಹೇಗೆ ತಿಳಿಯಿತೋ.

ಕಣ್ಣು ಚಲೋ ಅದಾವ

ಖಾಯಂ ಮಾಡುವ ಮಾತು ಕಡೆಗೂ ಬಂತು. ಅದಕ್ಕೆ ಮೊದಲು ಲಿಂಗಸುಗೂರಿಗೆ ಹೋಗಿ ಡಾಕ್ಟರ ಮುಂದೆ ಹಾಜರಾಗಿ, ದೇಹ ಗಟ್ಟಿ ಇದೆ ಎಂದು ಬರೆಸಿಕೊಂಡು ಬರಬೇಕು. ಅಲ್ಲಿಗೆ ನಮ್ಮ ಆಟ ಮುಗಿಯಿತು ಅಂದುಕೊಂಡೆವು. ದಿನವೂ ಅಭ್ಯಾಸ ಮಾಡಿಸಿದೆ. ನಾನು ಡಾಕ್ಟರು, ಅವರು ಎದುರಿಗೆ. ಹಿಂದೆ ನಿಂತು ಕೂಗುತ್ತಿದ್ದೆ, ನನ್ನ ನೆರಳು ನೆಲದ ಮೇಲೆ ಅಲುಗಿದ ಕೂಡಲೇ ಅವರು "ಹ್ಞಾಂ ಸರ್" ಅನ್ನಬೇಕು. ಬಸ್ಸಿನಲ್ಲಿ ಹೋಗುವಾಗಲೂ ಹ್ಞಾಂ ಸರ್, ಹ್ಞಾಂ ಸರ್ ಎಂದು ಗುನುಗುತ್ತಿದ್ದರು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ದೇವರನ್ನು ನೆನೆದೆ. ಒಳಗೆ ಡಾಕ್ಟರು ಇವರ ಎತ್ತರ ನೋಡಿದರು, ತೂಕ ನೋಡಿದರು, ಎದೆಗೆ ಟೇಪು ಸುತ್ತಿದರು, ಗೋಡೆಯ ಅಕ್ಷರ ಓದಿಸಿದರು, ಹಲ್ಲು ಎಣಿಸಿದರು. ಠಸ್ಸೆ ಒತ್ತಿದರು. ಮುಗಿಯಿತು. ವೈರ್‌ಲೆಸ್‌ನವರ ಕಿವಿ ನೋಡಬೇಕೆಂದು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಡಾಕ್ಟರು ಬಾಗಿಲ ತನಕ ಬಂದು ನನಗೇ ಹೇಳಿದರು: "ನಿನ್ನ ಗಂಡನ ಕಣ್ಣು ಭಾಳ ಚಲೋ ಅದಾವ. ಮತ್ತ ಎಷ್ಟು ವಿನಯ ನೋಡವ್ವಾ. ನಾ ಮಾತಾಡೋದು ಮುಗಿಯೋತನಕ ನನ್ನ ಮುಖದ ಮ್ಯಾಲಿನ ಕಣ್ಣು ತೆಗೀಲಿಲ್ಲ. ನಮ್ಮ ಮನ್ಯಾಗ ಒಬ್ರೂ ಹಂಗ ಕೇಳೋದಿಲ್ಲ."

ಮಣ್ಣು ಯಾವಾಗ

ಆಮೇಲೆ ಕಾದೆವು. ಕಾಲುವೆಗೆ ನೀರು ಬಂತು, ಹೋಯಿತು, ಮತ್ತೆ ಬಂತು.

ಒಂದು ಮುಂಜಾನೆ ನೀರಿನ ಲೆಕ್ಕವೆಲ್ಲ ಮುಗಿದ ಮೇಲೆ ಸಿಂಧನೂರಿನ ಆಪರೇಟರ್ ಸೆಟ್ ಬಿಡಲಿಲ್ಲ. ಅವರು ಇವರಿಗಿಂತ ಹಿರಿಯರು. "ಇನ್ನೊಂದು ಸುದ್ದಿ ಐತಿ ತಮ್ಮಾ. ಆರ್ಡರ್ ಬಂದೈತಿ, ನನ್ನ ಕೈಯಾಗ ಐತಿ. ನೀ ಖಾಯಂ ಆದಿ. ಓವರ್" ಅಂದರು.

ಕಿಟಕಿಯ ಆಚೆ ನಾನು ಕೈ ಎತ್ತಿದೆ. ಕೈ ಅಲ್ಲೇ ನಿಂತಿತು. ಫೂಟಿಗೆ ಬೆರಳಿತ್ತು, ಇಂಚಿಗಿತ್ತು, ಗೇಟು ಬಂದ್ ಆದರೆ ಇತ್ತು, ದಂಡೆ ಒಡೆದರೂ ಇತ್ತು. ಇಷ್ಟು ವರ್ಷದಲ್ಲಿ ಒಳ್ಳೆಯ ಸುದ್ದಿಗೆ ಮಾತ್ರ ನಾವು ಒಂದು ಬೆರಳು ಇಟ್ಟುಕೊಂಡಿರಲಿಲ್ಲ. ಬೇಕಾಗಿರಲಿಲ್ಲ. ಏನೂ ತೋಚದೆ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ.

ಇವರ ಮುಖ ಬಿಳಿಚಿತು. ಸಿಂಧನೂರಿನವರ ತಾಯಿ ಬಹಳ ದಿನದಿಂದ ಹಾಸಿಗೆ ಹಿಡಿದದ್ದು ನಮಗೆ ಗೊತ್ತಿತ್ತು. ಇವರು ಸೆಟ್ಟಿನ ಗುಂಡಿ ಒತ್ತಿದರು. ಆ ದನಿಯಲ್ಲಿ, ಯಾರ ಎದೆಯೂ ಕರಗಬೇಕು ಹಾಗೆ, ಹೇಳಿದರು:

"ಭಾಳ ಕೆಟ್ಟಾತಣ್ಣಾ. ಎಷ್ಟಂತ ನರಳ್ತಿದ್ರು, ಬಿಡುಗಡಿ ಆತು ಅನ್ಕೋ. ಮಣ್ಣು ಯಾವಾಗ? ಓವರ್."

ಸೆಟ್ಟಿನಲ್ಲಿ ಬರೀ ಗರಗರ. ಆಮೇಲೆ ಸಿಂಧನೂರು ಬಾಯಿ ಬಿಟ್ಟಿತು.

"ಯಾರು ಸತ್ತಾರ, ಯಾರ್ದೋ ಮಾರಾಯ ಮಣ್ಣು? ನಮ್ಮವ್ವ ಈಗ ಎದ್ದು ಕುಂತು ನನ್ನ ಹೇಣ್ತಿ ಕೂಡ ಜಗಳಾ ತಗದಿದ್ಲು, ಕೇಳಲಾರದ ಇಲ್ಲಿಗೆ ಬಂದೀನಿ."

ಮೇಲಿನ ಗೇಟಿನವರು, ಅದರ ಮೇಲಿನ ಗೇಟಿನವರು, ಲೈನಿನಲ್ಲಿ ಇದ್ದವರೆಲ್ಲ ನಗತೊಡಗಿದರು. ಅಳುತ್ತಿದ್ದ ನನಗೂ ನಗು ತಡೆಯಲಿಲ್ಲ. ದುಃಖ ಹೆಚ್ಚಾಗಿ ನಾನು ಹೀಗಾದೆನೆಂದು ತಿಳಿದು ಇವರು ಮತ್ತೆ ಗುಂಡಿ ಒತ್ತಿದರು. "ಧೈರ್ಯ ತಗೊಳ್ರಿ ಎಲ್ಲಾರೂ. ಓವರ್."

ನಾನು ಓಡಿಹೋಗಿ ಅವರ ಎರಡೂ ಅಂಗೈಗಳನ್ನು ನನ್ನ ಗಂಟಲಿನ ಮೇಲೆ ಇಟ್ಟುಕೊಂಡು "ಖಾಯಂ, ಖಾಯಂ" ಎಂದು ಕೂಗಿದೆ. ತಿಳಿಯುವ ತನಕ ಕೂಗಿದೆ. ತಿಳಿದ ಮೇಲೆ ಅವರು ಕೈ ತೆಗೆಯಲಿಲ್ಲ.

ಮರುದಿನದಿಂದ ಸಿಂಧನೂರಿನವರು ತಾವು ಬರೆದುಕೊಂಡ ಪ್ರತಿ ಅಂಕಿಯನ್ನೂ ನಿಧಾನವಾಗಿ ಎರಡು ಸಲ ತಿರುಗಿ ಹೇಳತೊಡಗಿದರು. ಯಾಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಅದು ಒಂದು ಆಟವಾಯಿತು. ಏನು ಒಳ್ಳೆಯದಾದರೂ ಇವರು ಮುಖ ಸಣ್ಣದು ಮಾಡಿಕೊಂಡು "ಮಣ್ಣು ಯಾವಾಗ?" ಅನ್ನುವರು. ಮಗಳು ಪಾಸಾದಾಗ ಕೇಳಿದರು. ಅವಳ ಮದುವೆ ಗೊತ್ತಾದಾಗ ಬೀಗರ ಎದುರಿಗೇ ಕೇಳಿದರು, ಸಮಾಧಾನ ಮಾಡುವಷ್ಟರಲ್ಲಿ ನನಗೆ ಸಾಕಾಯಿತು.

ತೊಂಬತ್ತರ ದಶಕ ಮುಗಿಯುತ್ತಿತ್ತು. ಮಗಳು ಬಾಣಂತನಕ್ಕೆ ಬಂದಿದ್ದಳು. ಇವರು ಎದೆಯ ಬೇನೆಯಿಂದ ಮನೆಯಲ್ಲಿ ಮಲಗಿದ್ದರು, ಹೊರಳಲು ಆಗುತ್ತಿರಲಿಲ್ಲ. ಸಿಂಧನೂರಿನ ದವಾಖಾನೆಯಲ್ಲಿ ಹೆರಿಗೆಯಾಯಿತು. ನಾನು ಸಿಕ್ಕ ಬಸ್ಸು ಹತ್ತಿ ಬಂದು ಅವರ ಮುಂದೆ ನಿಂತೆ. ಮೊದಲು ಮಗಳ ಗುರುತಿನ ಸನ್ನೆ ಮಾಡಿದೆ, ಆಮೇಲೆ ತೋಳಲ್ಲಿ ಕೂಸು ತೂಗಿದೆ, ಹೆಣ್ಣು ಎಂದು ಮೂಗುತಿ ಮುಟ್ಟಿ ತೋರಿಸಿದೆ. ಹತ್ತಿರ ಕೂತಿದ್ದ ಆಡಿನ ಮನೆಯ ಅತ್ತಿ ಕೈ ಮುಗಿದಳು.

ಅವರು ನನ್ನ ಕೈಯನ್ನೇ ನೋಡಿದರು. ಬಾಯಿ ಒಣಗಿತ್ತು, ಹೇಳಲು ಹೊತ್ತು ಹಿಡಿಯಿತು. ಆದರೆ ಹೇಳಿದರು, ಅದೇ ದನಿಯಲ್ಲಿ.

"ಮಣ್ಣು ಯಾವಾಗ?"

ಅತ್ತಿ ಬಾಯಿಯ ಮೇಲೆ ಕೈ ಇಟ್ಟುಕೊಂಡು, "ಏನಪಾ, ಹಸುಗೂಸಿಗೆ ಇಂಥಾ ಮಾತಾಡ್ತಿ" ಎಂದು ಬೈದಳು. ಇವರಿಗೆ ಕೇಳಿಸಬೇಕಲ್ಲ. ಕೆಮ್ಮು ಬರುವ ತನಕ ನಕ್ಕರು. ನಾನೂ ನಕ್ಕೆ. ಕೂಸನ್ನು ಮನೆಗೆ ತರುವುದರೊಳಗೆ ಅವರು ಇರಲಿಲ್ಲ.

ಆ ಕೂಸು ಇಲ್ಲೇ ಕಂಪ್ಯೂಟರಿನ ಮುಂದೆ ಕೂತಿದೆ. ನಾನು ಹೇಳಿದ್ದನ್ನೆಲ್ಲ ಇಲ್ಲಿಯವರೆಗೆ ನಗುತ್ತಲೇ ಬರೆದುಕೊಳ್ಳುತ್ತಿತ್ತು, ಈಗ ನಗುತ್ತಿಲ್ಲ. ಯಾಕವ್ವಾ ಸುಮ್ಮನಾದಿ? ನಿನ್ನ ಬಗ್ಗೆ ನಿಮ್ಮಜ್ಜ ಆಡಿದ್ದು ಅದೊಂದೇ ಮಾತು. ಬರಕೋ.