ಪಕ್ಕದ ನೂಕನ್ನು ಕಾಣದ ತಂತ್ರಾಂಶಕ್ಕೆ

ಕಟ್ಟಡಗಳ ಬಲಾಬಲವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಣಯಿಸುವ ತಂತ್ರಾಂಶ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಒರಾನ್ ನಗರದಲ್ಲಿ ಕಟ್ಟಡಗಳ ಲೆಕ್ಕ ಹಾಕಿ ಬದುಕುವ ಇಂಜಿನಿಯರ್ ವಹೀಬಾ ಝೆರ್ರೂಕಿ ಎಂಬ ನಾನು, ತಮ್ಮ ಕುಶಲವನ್ನು ಕೋರುತ್ತಾ, ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿರುವುದಕ್ಕೆ ಮೊದಲೇ ಕ್ಷಮೆ ಬೇಡಿ, ಈ ದೂರನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಮ್ಮ ಹಾಜಿ ಬೂಝಿಯಾನ್ ಅವರು ಮದುವೆ ಹಾಲ್ ಕಟ್ಟಿಸಲು ಹೊರಟಿದ್ದರು. ಕೆಳಗೆ ಕಾರು ನಿಲ್ಲಿಸಲು ಕಾಂಕ್ರೀಟ್ ಕಂಬಗಳು, ಅವುಗಳ ಮೇಲೆ ಉಕ್ಕಿನ ಹಾಲ್, ಗಾಳಿಗೂ ಭೂಕಂಪಕ್ಕೂ ಅದು ವಾಲದಿರಲೆಂದು ಮೂಲೆಯಿಂದ ಮೂಲೆಗೆ ಓರೆಯಾಗಿ ಕೊಟ್ಟ ಉಕ್ಕಿನ ಬ್ರೇಸುಗಳು. ಬೇಸಿಗೆಯಲ್ಲಿ ಮಗಳು ನವಾಲಳ ಮದುವೆ ಅಲ್ಲೇ ಆಗಬೇಕೆಂಬುದು ಅವರ ಹಟ.

ಉಕ್ಕಿನ ಲೆಕ್ಕವನ್ನು ಒಂದು ವಿಭಾಗದಲ್ಲೂ ಕಾಂಕ್ರೀಟಿನದನ್ನು ಇನ್ನೊಂದರಲ್ಲೂ ಮಾಡುವ ತಾವು, ಮೇಲಿನ ಭಾರವನ್ನೆಲ್ಲ ಚೂರೂ ಬಿಡದೆ ಕೆಳಗಿನ ಕಂಬಗಳಿಗೆ ಒಪ್ಪಿಸಿದಿರಿ. ಬ್ರೇಸುಗಳು ಕಂಬದ ತಲೆಯನ್ನು ಪಕ್ಕಕ್ಕೆ ನೂಕುವ ಬಲವನ್ನು ಮಾತ್ರ, ಸಭ್ಯರು ನೆರೆಮನೆಯ ಜಗಳವನ್ನು ಕೇಳಿಸಿಕೊಳ್ಳದಂತೆ, ಅಲ್ಲೇ ಬಿಟ್ಟು, ತೆರೆಯ ಮೇಲೆ ಎಲ್ಲ ಕಂಬಗಳಿಗೂ ಭದ್ರವೆಂಬ ಹಸಿರು ಬಣ್ಣ ಬಳಿದಿರಿ. ಅಷ್ಟು ನಿರ್ಮಲವಾದ ಹಸಿರನ್ನು ನಾನು ನಮ್ಮೂರ ಪಾರ್ಕುಗಳಲ್ಲೂ ಕಂಡಿಲ್ಲ.

ಅನುಮಾನ ಬಂದು ಆ ನೂಕನ್ನು ನಾನೇ ಕೈಯಾರೆ ಲೆಕ್ಕದಲ್ಲಿ ಕಂಬಗಳ ತಲೆಗೆ ತುಂಬಿಸಿದಾಗ, ಬ್ರೇಸಿನಡಿಯ ಕಂಬಗಳೆಲ್ಲ ಕೆಂಪಾದವು. ಕಂಬ ದಪ್ಪ ಮಾಡದೆ, ಅಡಿಪಾಯ ಅಗಲಿಸದೆ ನಕ್ಷೆಗೆ ಸಹಿ ಹಾಕಲಾರೆನೆಂದು ಹಾಜಿಯವರಿಗೆ ಹೇಳಿದೆ. ಹಾಗೆ ಮಾಡಿದರೆ ಬೇಸಿಗೆಗೆ ಹಾಲ್ ಮುಗಿಯುತ್ತಿರಲಿಲ್ಲ. ತಮ್ಮ ಹಸಿರನ್ನು ಕಣ್ಣಾರೆ ಕಂಡಿದ್ದ ಅವರು, "ಕಂಪ್ಯೂಟರ್ರೇ ಸರಿ ಅಂದಿದೆ, ನೀನ್ಯಾಕಮ್ಮ ನನ್ನ ಮಗಳ ಮದುವೆಗೆ ಅಡ್ಡಗಾಲು ಹಾಕ್ತೀಯ? ಸಹಿ ಹಾಕೋರು ಬೇರೆ ಸಿಗ್ತಾರೆ ಬಿಡು," ಎಂದು ಎದ್ದರು.

ಸಿಗುತ್ತಾರೆಂದು ನನಗೂ ಗೊತ್ತಿತ್ತು, ಭಯವಾದದ್ದೇ ಅದಕ್ಕೆ. ಎದ್ದವರ ಕೈಗೆ ಪುದೀನಾ ಚಹಾದ ಲೋಟಗಳಿದ್ದ ತಟ್ಟೆಯನ್ನು ಕೊಟ್ಟು, ತಲೆಯ ಮೇಲೆ ಎತ್ತಿ ಹಿಡಿಯಿರೆಂದು ಬೇಡಿಕೊಂಡೆ. ಹಿಡಿದರು, ತಟ್ಟೆ ಅಲುಗಲಿಲ್ಲ. ನಾನು ಅದರ ಅಂಚನ್ನು ಪಕ್ಕದಿಂದ ಮೆಲ್ಲಗೆ ನೂಕಿದೆ. ಬಿಳಿ ಜುಬ್ಬಾದ ಮೇಲೆಲ್ಲ ಚಹಾ ಇಳಿಯಿತು.

"ಭಾರ ಚೆನ್ನಾಗೇ ಹೊತ್ರಿ ಹಾಜಿ. ನೂಕೋದನ್ನ ಮಾತ್ರ ಕಂಪ್ಯೂಟರ್ ನಿಮ್ಮ ಕಂಬಕ್ಕೆ ಹೇಳೇ ಇಲ್ಲ," ಎಂದೆ.

ಅವರು ತಟ್ಟೆ ಕೆಳಗಿಟ್ಟು ಜುಬ್ಬಾ ಒರೆಸಿಕೊಂಡರು. ಆಮೇಲೆ, "ಮೇಲೆ ಹೆಣ್ಮಕ್ಕಳು ಕುಣೀತಿರ್ತಾರೆ," ಎಂದಷ್ಟೇ ಹೇಳಿ ಕೂತರು.

ನವಾಲಳ ಮದುವೆ ಚಿಕ್ಕಪ್ಪನ ಅಂಗಳದಲ್ಲಿ ನಡೆಯಿತು. ಆಕೆ ನನ್ನನ್ನು ಕರೆದಿದ್ದಳು, ಮಾತಾಡಿಸಲಿಲ್ಲ. ಹಾಲ್ ಮರುವರ್ಷ ಎದ್ದಿತು. ಅಲ್ಲೊಂದು ಮದುವೆ ನಡೆಯುತ್ತಿದ್ದಾಗ ಭೂಮಿ ನಡುಗಿತು. ದೀಪದ ಗೊಂಚಲುಗಳು ತೂಗಾಡಿದವು, ವಾದ್ಯ ನಿಂತು ಮತ್ತೆ ಶುರುವಾಯಿತು. ಮರುದಿನ ಹಾಜಿ ಕರೆ ಮಾಡಿ, ಎಲ್ಲೂ ಕೂದಲೆಳೆಯಷ್ಟು ಬಿರುಕೂ ಇಲ್ಲವೆಂದು ತಿಳಿಸಿ, ಬೇಸರದಿಂದ ಕೇಳಿದರು: "ಏನೂ ಆಗ್ಲೇ ಇಲ್ವಲ್ಲಮ್ಮ, ಮತ್ತೆ ಅಷ್ಟು ದಪ್ಪ ಕಂಬ ಯಾಕೆ ಹಾಕಿಸ್ದೆ?"

ಮಾನ್ಯರೇ, ಇಂಥ ಯಾವ ಪ್ರಶ್ನೆಗೂ ತಡವರಿಸದವರು ತಾವು. ಆದ್ದರಿಂದ ಇನ್ನು ಮುಂದೆ ಹಾಜಿಯವರ ಕರೆಗಳನ್ನು ತಾವೇ ಸ್ವೀಕರಿಸಿ, ಬಿಡುವಾದಾಗ ನವಾಲಳನ್ನೂ ಒಮ್ಮೆ ಸಮಾಧಾನಪಡಿಸಬೇಕೆಂದು ಕೈಮುಗಿದು ಕೋರುವ,

ತಮ್ಮ ವಿಶ್ವಾಸಿ,
ವಹೀಬಾ ಝೆರ್ರೂಕಿ

ತಾ.ಕ.: ಪಕ್ಕದ ನೂಕನ್ನು ಬಳಸುವವರೇ ತುಂಬಿಕೊಳ್ಳಬೇಕೆಂದು ಕೈಪಿಡಿಯ ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿದೆಯೆಂದು ತಮ್ಮ ಕಡೆಯವರು ತಿಳಿಸಿದ್ದಾರೆ. ಅವರ ಕಚೇರಿಯ ಕಟ್ಟಡವನ್ನೂ ತಾವೇ ಲೆಕ್ಕ ಹಾಕಿದ್ದರೆ ದಯವಿಟ್ಟು ಹೇಳಿ. ಅಭಿನಂದಿಸಲು ಗಾಳಿಯಿಲ್ಲದ ದಿನ ನೋಡಿ ಬರುತ್ತೇನೆ.