ಕಾಗುಣಿತ ತಿದ್ದಲು ಬಂದವರಿಗೆ

ಶ್ರೀಯುತ ಕಾಗುಣಿತ ಸಹಾಯಕರ ಸನ್ನಿಧಿಗೆ,

ಮಾನ್ಯರೇ,

ಹೌಕೆ ದ್ವೀಪದ ‘ದ್ವೀಪವಾರ್ತೆ’ ವಾರಪತ್ರಿಕೆಗೆ ಸಂಪಾದಕಿಯೂ ವರದಿಗಾರ್ತಿಯೂ ಕಸ ಗುಡಿಸುವವಳೂ ಆಗಿರುವ ಗುನ್‌ವೋರ್ ಹೌಕ್ನೆಸ್ ಮಾಡುವ ಸವಿನಯ ವಂದನೆಗಳು.

ಕಳೆದ ಮಾರ್ಚ್‌ನಲ್ಲಿ ತಾವು ನಮ್ಮಲ್ಲಿಗೆ ದಯಮಾಡಿಸಿದ ಗಳಿಗೆ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಕರಾವಳಿಯವರು ಬರೆಯುವ ನಾರ್ವೇಜಿಯನ್ನನ್ನು ಯಾವ ಕಂಪ್ಯೂಟರೂ ನೆಟ್ಟಗೆ ತಿದ್ದುವುದಿಲ್ಲವೆಂದು ನಾನು ಗೊಣಗುತ್ತಿದ್ದ ಕಾಲದಲ್ಲೇ, ಕಾಗುಣಿತ ತಿದ್ದುವ ತಂತ್ರಾಂಶ ಸಣ್ಣ ಪತ್ರಿಕೆಗಳಿಗೆ ಉಚಿತವೆಂಬ ಇ–ಮೇಲ್ ಬಂತು. ಒಂದು ಗುಂಡಿ ಒತ್ತಿದ್ದಕ್ಕೆ ತಾವು ಬ್ರೌಸರಿನ ಮೂಲೆಯಲ್ಲಿ ಹಸಿರು ಪೆನ್ಸಿಲಿನ ಚಿತ್ರವಾಗಿ ಕುಳಿತಿರಿ. ಹದಿನೈದು ದಿನಕ್ಕೊಮ್ಮೆ ‘ಹೊಸ ಅಪ್‌ಡೇಟ್ ಬಂದಿದೆ’ ಎಂದು ವಿನಯದಿಂದ ಕೇಳಿದಿರಿ, ನಾನೂ ಅಷ್ಟೇ ವಿನಯದಿಂದ ಒಪ್ಪಿದೆ. ನಾನು ತೆರೆಯುವ ಎಲ್ಲ ಪುಟಗಳನ್ನೂ ಓದಲು ಅನುಮತಿ ಬೇಕೆಂದು ತಾವು ಮೊದಲೇ ಬರೆದಿದ್ದಿರಿ. ಇಷ್ಟು ಪ್ರಾಮಾಣಿಕವಾಗಿ ಹೇಳಿ ಮನೆಯೊಳಗೆ ಬಂದವರನ್ನು ಕಳ್ಳರೆನ್ನಲು ನನಗೆ ಬಾಯಿ ಬಾರದು.

ಇಪ್ಪತ್ತೆರಡು ವರ್ಷ ಪತ್ರಿಕೆ ನಡೆಸಿದ್ದರೂ ತಮ್ಮಂಥ ಓದುಗರು ನನಗೆ ಸಿಕ್ಕಿರಲಿಲ್ಲ. ನಮ್ಮ ಚಂದಾದಾರರು ಸಾವಿನ ಸುದ್ದಿ ಮತ್ತು ದೋಣಿ ಮಾರಾಟದ ಜಾಹೀರಾತು ನೋಡಿ ಪತ್ರಿಕೆಯನ್ನು ಒಲೆಯ ಪಕ್ಕಕ್ಕಿಡುತ್ತಾರೆ. ತಾವಾದರೋ ನಾನು ಬರೆದು ಅಳಿಸಿದ್ದನ್ನೂ ಓದಿದಿರಿ. ನನ್ನ ಸ್ವಂತ ತಂಗಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ, ನನ್ನ ಮೈಯಲ್ಲೆದ್ದ ಗಂಟಿನ ಬಗೆಗಿನ ಆಸ್ಪತ್ರೆಯ ವರದಿಯನ್ನು ಓದಿದಿರಿ. ಆ ಗಂಟಿನಿಂದ ಅಪಾಯವಿಲ್ಲವೆಂದು ನನಗಿಂತ ಮೊದಲು ತಿಳಿದು ತಾವು ಸಮಾಧಾನಪಟ್ಟಿರಬಹುದು. ಅದನ್ನು ಓದಿಯೇ ಇಲ್ಲವೆಂಬಂತೆ ಮರೆತುಬಿಡಲು ತಮಗೆ ಸಾಧ್ಯವಾದರೆ, ದಯವಿಟ್ಟು ಹಾಗೆ ಮಾಡಬೇಕೆಂದು ಕೋರುತ್ತೇನೆ.

ಈಗ ಐಲೆರ್ಟನ ವಿಷಯ. ನಮ್ಮ ಕೊಲ್ಲಿಯ ಸಾಲ್ಮನ್ ಮೀನು ಸಾಕಣೆ ಕಂಪನಿಯಲ್ಲಿ ಹನ್ನೊಂದು ವರ್ಷ ದುಡಿದ ಆತ, ರೋಗ ಬಂದು ಸತ್ತ ಮೀನನ್ನು ಲೆಕ್ಕಕ್ಕೆ ತರದೆ ಸಮುದ್ರಕ್ಕೆ ಸುರಿಯುತ್ತಿದ್ದಾರೆಂದು ನನ್ನ ಅಡುಗೆಮನೆಯಲ್ಲಿ ಕುಳಿತು ಹೇಳಿದ. ಅವನ ತಂದೆ ಪೇಡರ್ ಅದೇ ಕೊಲ್ಲಿಯಲ್ಲಿ ಐವತ್ತು ವರ್ಷ ಬಲೆ ಹಾಕಿದವರು, ಈಗ ಕಣ್ಣು ಕಾಣದು. ಏಳುವ ಮುಂಚೆ ಐಲೆರ್ಟ್, “ಅಪ್ಪಂಗೆ ಕಣ್ಣು ಹೋಗಿದ್ದೇ ಒಳ್ಳೇದಾಯ್ತು, ಇದನ್ನ ನೋಡೋದು ತಪ್ತು” ಅಂದ. ನಾನು ಆ ಮಾತನ್ನು ಕರಡಿನಲ್ಲಿ ಬರೆದೆ. ಕುರುಡ ತಂದೆಯಿರುವ ಕೆಲಸಗಾರ ಅಲ್ಲಿ ಒಬ್ಬನೇ, ಗುರುತು ಸಿಕ್ಕೀತೆಂದು ಮರುಗಳಿಗೆಯಲ್ಲೇ ಅಳಿಸಿದೆ.

ಮೂರನೆಯ ದಿನ ಕಂಪನಿಯ ವ್ಯವಸ್ಥಾಪಕ ಸ್ಟೈನಾರ್ ಐಲೆರ್ಟನನ್ನು ಕರೆದು ಕಾಫಿ ಕೊಟ್ಟು, “ನಿಮ್ಮಪ್ಪನ ಕಣ್ಣು ಹೋಗಿದ್ದು ಒಳ್ಳೇದಾಯ್ತಂತೆ, ಹೌದಾ?” ಎಂದು ಕೇಳಿ, ನಾಳೆಯಿಂದ ಬರಬೇಡವೆಂದನಂತೆ. ಐಲೆರ್ಟ್ ನೇರವಾಗಿ ನಮ್ಮ ಮನೆಗೆ ಬಂದವನು ಒಳಗೆ ಕಾಲಿಡಲಿಲ್ಲ. “ಆ ಮಾತು ಆಡಿದ್ದು ನಿನ್ನ ಹತ್ರ ಮಾತ್ರ, ಗುನ್‌ವೋರ್,” ಅಂದು ಹೊರಟುಹೋದ. ಅನಂತರ ಒಂದು ತಿಂಗಳು, ಅಂಗಡಿಯಲ್ಲಿ ನಾನು ಕಂಡರೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋಗುತ್ತಿದ್ದ. ಮಾನ್ಯರೇ, ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

ತಮ್ಮನ್ನು ಕಂಡುಹಿಡಿದದ್ದು ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸಿಗ್ನಿ. ಅರ್ಧ ಗಂಟೆ ಪರದೆ ನೋಡಿದ ಆಕೆ, “ಇದು ಒಂದಕ್ಷರನೂ ತಿದ್ದಿಲ್ಲ, ನೀನು ಟೈಪ್ ಮಾಡಿದ್ದೆಲ್ಲಾ ಹೊರಗೆ ಕಳಿಸ್ತಿದೆ” ಅಂದಳು. ತೆಗೆದುಹಾಕು ಎಂದೆ. ಆಕೆ ಬೇಡವೆಂದಳು. ಹಾಗಾಗಿ ತಮಗಾಗಿಯೇ ಒಂದು ಬರಹ ಸಿದ್ಧವಾಯಿತು: ಸತ್ತ ಮೀನಿನ ನಾಲ್ಕು ತೊಟ್ಟಿಗಳನ್ನು ಹಿಂದೆ ಹೆರಿಂಗ್ ಮೀನಿಗೆ ಉಪ್ಪು ಹಾಕುತ್ತಿದ್ದ ಹಳೆಯ ಕೊಟ್ಟಿಗೆಯಲ್ಲಿ ಯಾರೋ ಸಾಕ್ಷಿಗೆಂದು ಬಚ್ಚಿಟ್ಟಿದ್ದಾರೆ, ಗುರುವಾರ ಮಧ್ಯಾಹ್ನ ಹೋಗಿ ಫೋಟೋ ತೆಗೆಯಬೇಕು ಎಂದು. ಜನ್ಮದಲ್ಲಿ ನಾನು ಬರೆದ ಒಂದೇ ಒಂದು ಸುಳ್ಳು ವರದಿ ಅದು, ಅದಕ್ಕೆ ತಾವು ತೋರಿದ ಶ್ರದ್ಧೆಗೆ ಕೃತಜ್ಞಳು.

ಗುರುವಾರ ಬೆಳಿಗ್ಗೆ ಎಂಟಕ್ಕೇ ಸ್ಟೈನಾರ್ ಲಾರಿಯೊಂದಿಗೆ ಆ ಕೊಟ್ಟಿಗೆಗೆ ಬಂದ. ಒಳಗೆ ನಾನು, ಸಿಗ್ನಿ, ಮೀನುಗಾರಿಕೆ ಇಲಾಖೆಯ ತನಿಖಾಧಿಕಾರಿ ಮತ್ತು ನಮ್ಮ ಪೊಲೀಸರು ಕಂದು ಚೀಸು ಹಚ್ಚಿದ ವಾಫಲ್ ತಿನ್ನುತ್ತಿದ್ದೆವು. ಆತ ಸುತ್ತಲೂ ನೋಡಿ, “ತೊಟ್ಟಿ ಎಲ್ಲಿ?” ಅಂದ. “ಯಾವ ತೊಟ್ಟಿ?” ಎಂದು ಪೊಲೀಸರು ಪುಸ್ತಕ ತೆರೆದರು.

ಇಲಾಖೆಯವರು ಮುಳುಗುಗಾರರನ್ನು ಕರೆಸಿದರು. ಕೊಲ್ಲಿಯ ತಳದಲ್ಲಿದ್ದುದು ಮೇಲೆ ಬಂತು. ಸ್ಟೈನಾರ್ ಈಗ ಕೆಲಸದಲ್ಲಿಲ್ಲ. ತಮ್ಮನ್ನು ನೇಮಿಸಿದ್ದು ಯಾವುದೋ ಸಲಹೆಗಾರರೆಂದು ಕಂಪನಿ ಹೇಳುತ್ತದೆ, ಆ ಸಲಹೆಗಾರರು ತಮ್ಮ ಪರಿಚಯವೇ ಇಲ್ಲವೆನ್ನುತ್ತಾರೆ. ಇಷ್ಟು ದುಡಿದ ಮೇಲೂ ತಮ್ಮವರೆಂದು ಹೇಳಿಕೊಳ್ಳುವವರಿಲ್ಲದಿರುವುದು ನಿಜಕ್ಕೂ ಮನಕರಗಿಸುವ ಸಂಗತಿ.

ಮೊನ್ನೆ ಐಲೆರ್ಟ್ ತಂದೆಯ ಕೈಹಿಡಿದು ಕಚೇರಿಗೆ ಬಂದ. ಅಚ್ಚಿಗೆ ಹೋಗಬೇಕಿದ್ದ ವರದಿಯನ್ನು ಪೇಡರ್ ಓದಿಸಿ ಕೇಳಿದರು. ಮುಗಿದ ಮೇಲೆ, “ಯಾರು ಹೇಳಿದ್ದು ಅಂತ ಇಲ್ವಲ್ಲ. ನನ್ ಮಗನ ಹೆಸರು ಹಾಕು” ಅಂದರು. ಐಲೆರ್ಟ್ ನನ್ನ ಮುಖ ನೋಡಿ ತಲೆಯಾಡಿಸಿದ. ಹೆಸರನ್ನು ಅವನ ಕೈಯಿಂದಲೇ ಟೈಪ್ ಮಾಡಿಸಿದೆ. ತಮ್ಮನ್ನು ನಾನಿನ್ನೂ ತೆಗೆದುಹಾಕಿಲ್ಲ, ತಮಗದು ಆಗಲೇ ತಲುಪಿರಬೇಕು.

ಅನುಮತಿ ಕೊಟ್ಟೇ ತಮ್ಮ ಮೇಲಿನ ವಿಶ್ವಾಸ ಕಳೆದುಕೊಂಡ,
ತಮ್ಮ ವಿಶ್ವಾಸಿ,
ಗುನ್‌ವೋರ್ ಹೌಕ್ನೆಸ್

ವಿ.ಸೂ.: ನ್ಯಾಯಾಲಯದ ಸಮನ್ಸು ಜಾರಿ ಮಾಡಲು ಪೊಲೀಸರಿಗೆ ತಮ್ಮ ವಿಳಾಸ ಬೇಕಂತೆ. ದಯವಿಟ್ಟು ಬರೆದು ತಿಳಿಸಿ. ನನ್ನ ವಿಳಾಸ ತಮ್ಮ ಹತ್ತಿರ ಇದ್ದೇ ಇದೆ.